ಕಾಫಿ ಹೊಟ್ಟಿನಿಂದ ಎಣ್ಣೆ ಬಂತು, ಡೀಸೆಲ್ ಬರಲಿಲ್ಲ: ಕೊಡಗಿನ ಒಂದು ಪ್ರಕರಣ

ದಕ್ಷಿಣ ಕೊಡಗಿನ ಕೆಲವು ಕಾಫಿ ಬೆಳೆಗಾರರು ಮತ್ತು ಒಬ್ಬ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ಹದ ಮಾಡುವ ಕಾರ್ಖಾನೆ) ಮಾಲೀಕರು ಸೇರಿ ಕಾಫಿ ಹೊಟ್ಟಿನಿಂದ ಡೀಸೆಲ್ ಮಾಡಲು ಹೊರಟರು. ಯಂತ್ರ ತಂದರು, ಎಣ್ಣೆ ತೆಗೆದರು, ಆ ಎಣ್ಣೆಯನ್ನು ಇಂಜಿನ್‌ಗೆ ಹಾಕುವಂತೆ ಮಾಡಲು ನಾಲ್ಕು ದಾರಿ ಹಿಡಿದರು. ಕೊನೆಗೆ ಎರಡನೇ ಯಂತ್ರಕ್ಕೆ ದುಡ್ಡು ಹಾಕಬಾರದು ಎಂದು ತೀರ್ಮಾನಿಸಿದರು. ಆ ತೀರ್ಮಾನಕ್ಕೆ ಹೇಗೆ ಬಂದರು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಹೆಸರು, ಊರು, ತೋಟದ ಗುರುತು ಎಲ್ಲವನ್ನೂ ತೆಗೆದಿದ್ದೇನೆ. ರಿಫೈನರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ಎಂಬ ಕಾರಣಕ್ಕೆ ಲೆಕ್ಕ ನೋಡಿಕೊಡಿ ಎಂದು ನನ್ನನ್ನು ಕರೆದಿದ್ದರು. ಅಷ್ಟೇ ನನ್ನ ಪಾತ್ರ.

ಡೀಸೆಲ್ ಚಿಂತೆ ಎಲ್ಲಿಂದ ಬಂತು

ಹೊರಗಿನವರಿಗೆ ಕೊಡಗು ಅಂದ್ರೆ ಮಳೆ. ಬೆಳೆಗಾರನ ತಲೆನೋವು ಫೆಬ್ರವರಿ, ಮಾರ್ಚ್ ತಿಂಗಳದ್ದು. ಕುಯ್ಲು ಮುಗಿದ ಮೇಲೆ ರೊಬಸ್ಟಾ ಜಾತಿಯ ಕಾಫಿ ಗಿಡ ಹೂವಿಗೆ ಕಾಯುತ್ತದೆ. ಹೂಮಳೆ ಸಮಯಕ್ಕೆ ಬಂದರೆ ಸರಿ. ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ಹೂ ಅರಳಿದ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ನೀರು, ಅಂದರೆ ಕಾಯಿ ಕಚ್ಚಲು ಎರಡನೇ ಸಲದ ನೀರು ಬೇರೆ. ಕೆರೆಯಿಂದಲೋ ತೋಡಿನಿಂದಲೋ ನೀರೆತ್ತಿ, ಏರು ತೋಟಕ್ಕೆ ಒತ್ತಡದಲ್ಲಿ ತಳ್ಳಲು ದೊಡ್ಡ ಡೀಸೆಲ್ ಪಂಪ್‌ಗಳು ಹಗಲು ರಾತ್ರಿ ಓಡುತ್ತವೆ. ಅಕ್ಕಪಕ್ಕದ ಎಲ್ಲ ತೋಟಗಳಿಗೂ ಅದೇ ವಾರದಲ್ಲಿ ಡೀಸೆಲ್ ಬೇಕು. ವರ್ಷದ ಖರ್ಚಿನ ಪುಸ್ತಕದಲ್ಲಿ ಕೂಲಿ, ಗೊಬ್ಬರ ಬಿಟ್ಟರೆ ಕಣ್ಣಿಗೆ ಹೊಡೆಯುವ ಸಾಲು ಅದೇ.

ಇನ್ನೊಂದು ಕಡೆ ಹೊಟ್ಟು. ಒಣಗಿಸಿದ ರೊಬಸ್ಟಾ ಚೆರ್ರಿ (ಕಾಫಿ ಹಣ್ಣು) 50 ಕೆಜಿ ಚೀಲ ಸಿಪ್ಪೆ ಬಿಡಿಸುವ ಹಲ್ಲರ್‌ಗೆ ಹೋದರೆ ಸುಮಾರು 26 ಕೆಜಿ ಬೀಜ ಬರುತ್ತದೆ. ಉಳಿದದ್ದು ಹೊಟ್ಟು. ಅಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಸ್ವಲ್ಪ ಹೊಟ್ಟು ಇಟ್ಟಿಗೆ ಗೂಡಿಗೆ, ಬಾಯ್ಲರಿಗೆ ಹೋಗುತ್ತದೆ. ಸ್ವಲ್ಪ ಗೊಬ್ಬರದ ಗುಂಡಿಗೆ. ಲಾರಿ ತುಂಬಿದರೂ ತೂಕ ಬರದ ಸರಕು ಇದು, ಹಾಗಾಗಿ ದೂರಕ್ಕೆ ಕಳಿಸಿದರೆ ಬಾಡಿಗೆಯೂ ಹುಟ್ಟುವುದಿಲ್ಲ. ಮಳೆಗಾಲದೊಳಗೆ ಖಾಲಿ ಮಾಡದಿದ್ದರೆ ರಾಶಿ ಒಳಗೇ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ.

ಕ್ಯೂರಿಂಗ್ ಮಾಲೀಕರ ಅಣ್ಣನ ಮಗ ಕೆಮಿಕಲ್ ಎಂಜಿನಿಯರಿಂಗ್ ಓದಿ ಊರಿಗೆ ಬಂದಿದ್ದ. ಪೈರಾಲಿಸಿಸ್ ಯಂತ್ರ, ಅಂದರೆ ಗಾಳಿ ಸೋಕದಂತೆ ಕಾಯಿಸಿ ಎಣ್ಣೆ ತೆಗೆಯುವ ಯಂತ್ರ, ಮಾರುವ ಒಂದು ಕಂಪನಿಯ ವಿಡಿಯೋ ನೋಡಿ ಚಿಕ್ಕಪ್ಪನಿಗೆ ತೋರಿಸಿದ. ಒಂದು ಬದಿಯಿಂದ ಒಣ ಹೊಟ್ಟು, ಇನ್ನೊಂದು ಬದಿಯಿಂದ ಕಪ್ಪು ಎಣ್ಣೆ. ಮೇಲೆ ದೊಡ್ಡ ಅಕ್ಷರದಲ್ಲಿ "ಬಯೋ ಕ್ರೂಡ್" ಎಂದು ಬರೆದಿತ್ತು. ಕ್ರೂಡ್, ಅಂದರೆ ಕಚ್ಚಾ ಎಣ್ಣೆ, ಇದ್ದ ಮೇಲೆ ಡೀಸೆಲ್ ಏನು ಮಹಾ, ಅಲ್ವಾ? ಹೀಗೆ ಯೋಚಿಸಿದವರು ಇವರು ಮೊದಲಿಗರೂ ಅಲ್ಲ, ಕೊನೆಯವರೂ ಆಗುವುದಿಲ್ಲ.

ಮೊದಲ ಯಂತ್ರ

ಗುಂಪಿನಲ್ಲಿ ಒಬ್ಬರು ಹಿರಿಯ ಬೆಳೆಗಾರರಿದ್ದರು. ಮೊದಲ ಸಭೆಯಲ್ಲೇ ಅವರು ಕೇಳಿದ್ದು: "ಅಲ್ಲಪ್ಪಾ, ಹೊಟ್ಟನ್ನ ಹಾಗೇ ಒಲೆಗೆ ಹಾಕಿದ್ರೆ ಉರಿಯಲ್ವಾ? ಅದನ್ನ ಎಣ್ಣೆ ಮಾಡಿ ಮತ್ತೆ ಉರಿಸೋದ್ಯಾಕೆ?" ಹುಡುಗ ವಿನಯವಾಗಿಯೇ ಉತ್ತರ ಕೊಟ್ಟ: "ಪಂಪ್‌ಗೆ ಹೊಟ್ಟು ಹಾಕೋಕಾಗಲ್ವಲ್ಲಾ ಸಾರ್." ಉತ್ತರ ಸರಿಯೇ ಇತ್ತು. ಎಲ್ಲರೂ ಒಪ್ಪಿದರು, ಯಂತ್ರ ಬಂತು.

ಫಾಸ್ಟ್ ಪೈರಾಲಿಸಿಸ್ ಎಂದರೆ ಇಷ್ಟು: ಚೆನ್ನಾಗಿ ಒಣಗಿದ, ಸಣ್ಣಗೆ ಪುಡಿಯಾದ ಜೀವರಾಶಿಯನ್ನು (ಮರ, ಹೊಟ್ಟು, ಕಡ್ಡಿಯಂಥದ್ದನ್ನು) ಗಾಳಿ ಸೋಕದಂತೆ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕ್ಷಣದಲ್ಲಿ ಕಾಯಿಸುವುದು. ಎದ್ದ ಆವಿಯನ್ನು ಒಂದೆರಡು ಸೆಕೆಂಡಿನಲ್ಲೇ ತಣಿಸಿ ದ್ರವ ಮಾಡುವುದು. ಶುದ್ಧ ಮರದ ಪುಡಿ ಹಾಕಿದರೆ, ಒಳ್ಳೆಯ ಯಂತ್ರದಲ್ಲಿ ತೂಕದ ಶೇಕಡಾ 60ರಿಂದ 75ರಷ್ಟು ದ್ರವ ಸಿಗುತ್ತದೆ. ಉಳಿದದ್ದು ಇದ್ದಿಲು ಮತ್ತು ಗ್ಯಾಸ್. ಮಾರುವವರು ತೋರಿಸಿದ ಅಂಕಿ ಇದೇ. ಅದು ಸುಳ್ಳಲ್ಲ. ಆದರೆ ಅದು ಮರದ ಅಂಕಿ, ಹೊಟ್ಟಿನದ್ದಲ್ಲ.

ಕಾಫಿ ಹೊಟ್ಟಿನಲ್ಲಿ ಪೊಟ್ಯಾಷಿಯಂ ಜಾಸ್ತಿ. ಗೊಬ್ಬರಕ್ಕೆ ಅದು ವರ, ಪೈರಾಲಿಸಿಸ್‌ಗೆ ಅದೇ ಕಂಟಕ. ಬಿಸಿಯಲ್ಲಿ ಪೊಟ್ಯಾಷಿಯಂ ತಾನೇ ಕೆಟಲಿಸ್ಟಿನ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತುವಿನ) ಹಾಗೆ ಕೆಲಸ ಮಾಡಿ, ಎಣ್ಣೆಯಾಗಬೇಕಾದ ಆವಿಯನ್ನು ನೀರು, ಗ್ಯಾಸ್, ಇದ್ದಿಲು ಮಾಡಿಬಿಡುತ್ತದೆ. ಇವರಿಗೆ ಸಿಕ್ಕ ದ್ರವ ಹೊಟ್ಟಿನ ತೂಕದ ಅರ್ಧವನ್ನೂ ಮುಟ್ಟಲಿಲ್ಲ. ಅದೂ ಡ್ರಮ್‌ನಲ್ಲಿ ಒಂದು ರಾತ್ರಿ ನಿಂತರೆ ಎರಡು ಪದರ. ಮೇಲೆ ತೆಳು ಕಂದು ನೀರು, ಕೆಳಗೆ ಟಾರಿನಂಥ ಗಟ್ಟಿ. ಇಂಥ ಎಣ್ಣೆಯಲ್ಲಿ ನೀರು ಶೇಕಡಾ 30 ದಾಟಿದರೆ ಅದು ಸಾಮಾನ್ಯವಾಗಿ ಒಡೆದೇ ಒಡೆಯುತ್ತದೆ.

ಹೊಟ್ಟನ್ನು ತೊಳೆದು ಪೊಟ್ಯಾಷಿಯಂ ತೆಗೆಯಬಹುದೇ ಎಂದು ಹುಡುಗ ನೋಡಿದ. ತೆಗೆಯಬಹುದು. ಆದರೆ ಒಣಗಿದ್ದನ್ನು ನೆನೆಸಿ ಮತ್ತೆ ಒಣಗಿಸಬೇಕು, ತೊಳೆದ ನೀರನ್ನು ಎಲ್ಲಿಗೆ ಬಿಡುವುದು ಎಂಬ ಪ್ರಶ್ನೆಯೂ ಏಳುತ್ತದೆ. ಅದನ್ನು ಕೈಬಿಟ್ಟು ಮರದ ಕಡೆಗೆ ತಿರುಗಿದರು. ಗಿಡ ಸವರುವ ಕಪಾತಿನ ಕಾಫಿ ಕಡ್ಡಿ, ನೆರಳು ಮರದ ಕೊಂಬೆ ಕಡಿದು ಮರಗಸಿ ಮಾಡಿದಾಗ ಬಿದ್ದ ಸಿಲ್ವರ್ ಓಕ್ ರೆಂಬೆ ಎಲ್ಲ ಚಿಪ್ಪರ್‌ಗೆ ಹೋಯಿತು. ಎಣ್ಣೆ ಹೆಚ್ಚಿತು, ಒಂದೇ ಪದರದಲ್ಲಿ ನಿಂತಿತು. ಖರ್ಚೂ ಅದರ ಜೊತೆಗೇ ಹೆಚ್ಚಿತು. ಹೊಟ್ಟು ಕ್ಯೂರಿಂಗ್ ವರ್ಕ್ಸ್‌ನಲ್ಲಿ ತಾನಾಗಿ ರಾಶಿ ಬೀಳುತ್ತದೆ. ರೆಂಬೆಯನ್ನು ಏರು ತಗ್ಗಿನ ತೋಟದಿಂದ ಆರಿಸಿ ತರಲು ಆಳು ಬೇಕು. ಕೊಡಗಿನಲ್ಲಿ ಆಳು ಸಿಗುವುದೇ ದೊಡ್ಡ ಸಮಸ್ಯೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಇದನ್ನು ಗುಂಪು ಆಗ ಹೆಚ್ಚು ತಲೆಗೆ ಹಚ್ಚಿಕೊಳ್ಳಲಿಲ್ಲ. ಎಣ್ಣೆ ಚೆನ್ನಾಗಿ ಬರುತ್ತಿದೆಯಲ್ಲ ಎಂಬ ಸಂತೋಷದಲ್ಲಿದ್ದರು.

ಈ ಎಣ್ಣೆ ಎಂಥದ್ದು

ಕೊಡಗಿನ ಅಡುಗೆಯ ಕಪ್ಪು ಹುಳಿ ರಸ ಕಾಚಂಪುಳಿ ನೋಡಿದವರಿಗೆ ಈ ಎಣ್ಣೆಯನ್ನು ವಿವರಿಸುವುದು ಸುಲಭ. ಕಪ್ಪು, ಮಂದ, ಹುಳಿ. ಕಾಯಿಸಿದಷ್ಟೂ ಗಟ್ಟಿ. ಹೊಗೆ ವಾಸನೆ ಮಾತ್ರ ಮೂಗಿಗೆ ಕುಟ್ಟುತ್ತದೆ.

ಅದರ ಪಿಎಚ್ (ಹುಳಿಯ ಅಳತೆ; 7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು) 2ರಿಂದ 3. ಒಳಗೆ ಅಸಿಟಿಕ್ ಆಮ್ಲ, ಫಾರ್ಮಿಕ್ ಆಮ್ಲ ಇರುತ್ತವೆ. ನೀರು ಶೇಕಡಾ 15ರಿಂದ 30. ನೀರಿಗಿಂತ ಭಾರ, ಲೀಟರಿಗೆ ಸುಮಾರು 1.2 ಕೆಜಿ. ಡೀಸೆಲ್ ಒಂದು ಕೆಜಿಗೆ 42-43 ಮೆಗಾಜೂಲ್ ಶಾಖ ಕೊಟ್ಟರೆ, ಇದು ಕೊಡುವುದು 16ರಿಂದ 19. ಇಲ್ಲೊಂದು ತಮಾಷೆ ಇದೆ. ಚೆನ್ನಾಗಿ ಒಣಗಿದ ಹೊಟ್ಟು ಅಥವಾ ಕಟ್ಟಿಗೆ ಕೊಡುವ ಶಾಖವೂ ಕೆಜಿಗೆ ಹೆಚ್ಚುಕಡಿಮೆ ಅಷ್ಟೇ. ಅಷ್ಟೆಲ್ಲ ಕಷ್ಟಪಟ್ಟು ಎಣ್ಣೆ ಮಾಡಿದರೂ ತೂಕದ ಲೆಕ್ಕದಲ್ಲಿ ಶಾಖ ಏರುವುದಿಲ್ಲ. ಜಾಗ ಕಡಿಮೆ ಹಿಡಿಯುತ್ತದೆ, ಪೈಪಿನಲ್ಲಿ ಹರಿಯುತ್ತದೆ, ಅಷ್ಟೇ ಲಾಭ.

ಕಾರಣ ಆಮ್ಲಜನಕ. ನೆಲದಡಿಯಿಂದ ಬರುವ ಕಚ್ಚಾ ಎಣ್ಣೆಯಲ್ಲಿ ಇಂಗಾಲ, ಹೈಡ್ರೋಜನ್ ತುಂಬಿರುತ್ತದೆ, ಆಮ್ಲಜನಕ ಲೆಕ್ಕಕ್ಕಿಲ್ಲದಷ್ಟು. ಮರದ ಎಣ್ಣೆಯಲ್ಲಿ ನೀರು ಬಿಟ್ಟು ಉಳಿದ ಭಾಗದ ತೂಕದಲ್ಲೇ ಶೇಕಡಾ 35ರಿಂದ 40 ಆಮ್ಲಜನಕ. ಅಂದರೆ ಆಗಲೇ ಅರ್ಧ ಉರಿದುಹೋದ ಇಂಧನ. ಆ ಆಮ್ಲಜನಕವನ್ನು ಕಿತ್ತು ಹೊರಹಾಕದೆ ಇದು ಡೀಸೆಲ್ ಆಗುವುದಿಲ್ಲ. ಗಂಧಕ ಇದರಲ್ಲಿ ತೀರಾ ಕಡಿಮೆ, ಅದು ಒಳ್ಳೆಯ ಗುಣವೇ. ಲ್ಯಾಬ್ ವರದಿಯಲ್ಲಿ ಅದನ್ನು ನೋಡಿ ಗುಂಪಿನವರು ಖುಷಿಪಟ್ಟಿದ್ದರು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಡೀಸೆಲ್‌ಗೆ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮೀರಬಾರದು. ಅದೊಂದು ಬಾಗಿಲ ಹತ್ತಿರಕ್ಕೆ ಬಂದ ಎಣ್ಣೆ ಉಳಿದ ಎಲ್ಲ ಬಾಗಿಲಿಂದಲೂ ದೂರವೇ ನಿಂತುಬಿಟ್ಟಿತು.

ಹಿಡಿದ ದಾರಿಗಳು

ಮೊದಲು ಮಾಡಿದ್ದು ಡೀಸೆಲ್ ಜೊತೆ ಬೆರೆಸುವುದು. ಬೆರೆಯಲಿಲ್ಲ. ಎಣ್ಣೆ ತಳಕ್ಕಿಳಿಯಿತು, ಡೀಸೆಲ್ ಮೇಲೆ ತೇಲಿತು. ಸಾಬೂನಿನ ಜಾತಿಯ ರಾಸಾಯನಿಕ ಸೇರಿಸಿ, ಜೋರಾಗಿ ಕಲಕಿ ಎಮಲ್ಷನ್ ಮಾಡಿದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹಾಗೆ ಮಾಡಿ ಒಂದು ಹಳೆಯ ಪಂಪ್ ಇಂಜಿನ್‌ಗೆ ಹಾಕಿದರು. ಇಂಜಿನ್ ಓಡಿತು! ಅದರ ವಿಡಿಯೋ ವಾಟ್ಸಾಪ್‌ನಲ್ಲಿ ಓಡಾಡಿತು. ವಿಡಿಯೋದಲ್ಲಿ ಇಲ್ಲದ್ದು ಆಮೇಲಿನ ಕಥೆ. ಇಂಜೆಕ್ಟರ್ ನಾಝಲ್ ಮಸಿ ಕಟ್ಟಿಕೊಂಡಿತು, ಇಂಜಿನ್‌ನ ಇಂಧನ ಪಂಪಿನ ಒಳಭಾಗವನ್ನು ಹುಳಿ ತಿಂದಿತ್ತು. ಮೆಕ್ಯಾನಿಕ್ ಬಿಚ್ಚಿ ನೋಡಿ, "ಇದನ್ನ ಹೊಸ ಗಾಡಿಗೆ ಮಾತ್ರ ಹಾಕ್ಬೇಡಿ ಸಾರ್" ಎಂದ. ಸಾದಾ ಕಬ್ಬಿಣ, ಅಲ್ಯೂಮಿನಿಯಂ ಯಾವುದೂ ಈ ಎಣ್ಣೆಗೆ ತಡೆಯುವುದಿಲ್ಲ. ಸ್ಟೈನ್‌ಲೆಸ್ ಸ್ಟೀಲ್ ಬೇಕು, ಇಲ್ಲವೇ ಕೆಲವು ಜಾತಿಯ ಪ್ಲಾಸ್ಟಿಕ್.

ಎರಡನೆಯದು ಭಟ್ಟಿ ಇಳಿಸುವುದು. ರಿಫೈನರಿಯಲ್ಲಿ ಕ್ರೂಡ್ ಕಾಯಿಸಿ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಬೇರೆ ಮಾಡುತ್ತಾರಲ್ಲ, ಇಲ್ಲೂ ಹಾಗೇ ಮಾಡೋಣ ಎಂದು ಯಂತ್ರದ ಕಂಪನಿಯವರೇ ಹೇಳಿದ್ದು. ನಾನು ಆಗ ಜೊತೆಯಲ್ಲಿದ್ದಿದ್ದರೆ ಬೇಡ ಎನ್ನುತ್ತಿದ್ದೆ. ಈ ಎಣ್ಣೆ ಕಾಯಿಸಿದರೆ ಪೂರ್ತಿ ಆವಿಯಾಗುವುದೇ ಇಲ್ಲ. ಒಳಗಿನ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪವಾಗುತ್ತವೆ. ಸಾಮಾನ್ಯವಾಗಿ ಶೇಕಡಾ 35ರಿಂದ 50ರಷ್ಟು ತಳದಲ್ಲೇ ಗಟ್ಟಿಯಾಗಿ ಉಳಿಯುತ್ತದೆ. ಇವರಿಗೂ ಹಾಗೇ ಆಯಿತು. ಮೇಲೆ ಬಂದದ್ದು ಹುಳಿ ನೀರು. ತಳದ್ದನ್ನು ಉಳಿ ಸುತ್ತಿಗೆ ಹಿಡಿದು ಕೆತ್ತಿ ತೆಗೆಯಬೇಕಾಯಿತು.

ಮೂರನೆಯದಕ್ಕೆ ಒಂದು ಕಾಲೇಜಿನ ಲ್ಯಾಬ್ ನೆರವಾಯಿತು. ಪೈರಾಲಿಸಿಸ್ ಆವಿ ದ್ರವವಾಗುವ ಮೊದಲೇ ಅದನ್ನು ಝಿಯೋಲೈಟ್ ಎಂಬ ಕೆಟಲಿಸ್ಟ್ ಮೇಲೆ ಹಾಯಿಸುವುದು. ಈ ಕೆಲಸಕ್ಕೆ ಹೆಸರಾದದ್ದು ಝಡ್‌ಎಸ್‌ಎಂ-5. ಇದಕ್ಕೆ ಹೆಚ್ಚಿನ ಒತ್ತಡ ಬೇಡ, ಹೈಡ್ರೋಜನ್ ಬೇಡ. ಕೇಳಲು ಬಹಳ ಚಂದ. ಬರುವ ಎಣ್ಣೆಯಲ್ಲಿ ಆಮ್ಲಜನಕ ನಿಜಕ್ಕೂ ಕಡಿಮೆ. ಆದರೆ ಆಮ್ಲಜನಕ ಹೋಗುವಾಗ ಇಂಗಾಲವನ್ನೂ ಕೈಹಿಡಿದು ಎಳೆದುಕೊಂಡು ಹೋಗುತ್ತದೆ, ಕಾರ್ಬನ್ ಮೊನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಆಗಿ. ಎಣ್ಣೆಯ ಪ್ರಮಾಣ ಕುಸಿಯುತ್ತದೆ. ಕೆಟಲಿಸ್ಟ್ ಮೇಲೆ ಬೇಗನೆ ಇಂಗಾಲದ ಪದರ ಕಟ್ಟುತ್ತದೆ, ಅದನ್ನು ಮತ್ತೆ ಮತ್ತೆ ಸುಟ್ಟು ತೆಗೆಯಬೇಕು. ಲ್ಯಾಬಿನವರು ಪ್ರಾಮಾಣಿಕರು. "ಪೇಪರ್ ಬರೆಯೋಕೆ ಸಾಕು, ಪಂಪ್ ಓಡಿಸೋಕೆ ಸಾಲದು" ಎಂದು ಮುಖಕ್ಕೇ ಹೇಳಿದರು.

ಉಳಿದದ್ದು ಹೈಡ್ರೋಜನ್ ದಾರಿ. ಆಮ್ಲಜನಕಕ್ಕೆ ಹೈಡ್ರೋಜನ್ ಕೊಟ್ಟು ನೀರಾಗಿ ಹೊರಕಳಿಸಿದರೆ ಇಂಗಾಲ ಎಣ್ಣೆಯಲ್ಲೇ ಉಳಿಯುತ್ತದೆ. ನಿಜವಾದ ದಾರಿ ಇದೇ. ಹೊರಊರಿನ ಒಂದು ಸಂಸ್ಥೆಯಲ್ಲಿ ಶುಲ್ಕ ಕಟ್ಟಿ ಪ್ರಯೋಗ ಮಾಡಿಸಿದರು. ನೇರವಾಗಿ 350 ಡಿಗ್ರಿಗೆ ಏರಿಸಿದ ಮೊದಲ ಸಲ ಎಣ್ಣೆ ರಿಯಾಕ್ಟರ್ ಒಳಗೇ ಕಲ್ಲಿದ್ದಲಾಯಿತು. ಆಮೇಲೆ ಎರಡು ಹಂತ ಮಾಡಿದರು. ಮೊದಲು 200 ಡಿಗ್ರಿ ಆಸುಪಾಸಿನಲ್ಲಿ ರುಥೇನಿಯಂ ಕೆಟಲಿಸ್ಟ್ ಇಟ್ಟು, ಬೇಗ ಹೆಣೆದುಕೊಳ್ಳುವ ಅಣುಗಳನ್ನು ಪಳಗಿಸುವುದು. ಅದಾದ ಮೇಲೆ ರಿಫೈನರಿಯಲ್ಲಿ ಬಳಸುವ ಕೋಬಾಲ್ಟ್-ಮಾಲಿಬ್ಡಿನಂ ಕೆಟಲಿಸ್ಟ್ ಮೇಲೆ ಬಿಸಿ ಏರಿಸಿ ಆಮ್ಲಜನಕ ಕಳೆಯುವುದು. ಒತ್ತಡ 100 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ನೂರು ಪಟ್ಟು, ಮೀರಿದ್ದು. ಮನೆಯ ಗ್ಯಾಸ್ ಸಿಲಿಂಡರ್ ಒಳಗಿನ ಒತ್ತಡ ಇದರ ಮುಂದೆ ಏನೇನೂ ಅಲ್ಲ.

ಈ ಸಲ ಸಿಕ್ಕಿತು. ಸಣ್ಣ ಬಾಟಲಿಯಲ್ಲಿ, ಕೆಳಗೆ ನೀರು, ಮೇಲೆ ತಿಳಿ ಹಳದಿ ಎಣ್ಣೆ. ಡೀಸೆಲ್ ವಾಸನೆಯೇ ಹೊಡೆಯುತ್ತಿತ್ತು.

ಬಾಟಲಿ ಬಂದ ಮೇಲೆ

ಈ ಇಡೀ ಪ್ರಕರಣದಲ್ಲಿ ಅಪಾಯದ ಗಳಿಗೆ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಸೋತಾಗಲೆಲ್ಲ ಗುಂಪು ಎಚ್ಚರದಿಂದಿತ್ತು. ಗೆದ್ದ ಬಾಟಲಿ ಮೇಜಿನ ಮೇಲೆ ಬಂದಾಗ ಎಲ್ಲರ ಲೆಕ್ಕವೂ ತಪ್ಪಲು ಶುರುವಾಯಿತು. ಎರಡನೇ ಯಂತ್ರಕ್ಕೆ, ಅಂದರೆ ಸಣ್ಣ ಹೈಡ್ರೋಜನ್ ಘಟಕಕ್ಕೆ, ಬೆಲೆ ಪಟ್ಟಿ ತರಿಸಿದರು. ಬ್ಯಾಂಕ್ ಸಾಲ, ತೋಟದ ಅಡಮಾನದ ಮಾತೂ ಬಂತು. ನನ್ನನ್ನು ಕರೆದದ್ದು ಆಗ.

ಬೆಂಗಳೂರಿನಲ್ಲೇ ಶೆಲ್ ಕಂಪನಿ ದಿನಕ್ಕೆ 5 ಟನ್ ಜೀವರಾಶಿ ಬಳಸುವ ಪ್ರಾತ್ಯಕ್ಷಿಕೆ ಘಟಕ ಕಟ್ಟಿದೆ, ನಮ್ಮದೂ ಅಷ್ಟೇ ಗಾತ್ರ ಅಲ್ವಾ ಎಂದು ಹುಡುಗ ಕೇಳಿದ. ಗಾತ್ರ ಸರಿ, ರೀತಿ ಬೇರೆ. ಐಎಚ್2 ಎಂಬ ಆ ಪದ್ಧತಿಯಲ್ಲಿ ಪೈರಾಲಿಸಿಸ್ ನಡೆಯುವುದೇ ಒತ್ತಡದ ಹೈಡ್ರೋಜನ್ ಒಳಗೆ. ಹುಳಿ ಎಣ್ಣೆ ಹುಟ್ಟುವ ಮೊದಲೇ ಅದನ್ನು ತಡೆಯುತ್ತಾರೆ. ಬೇಕಾದ ಹೈಡ್ರೋಜನ್ನನ್ನು ಅದೇ ಪ್ರಕ್ರಿಯೆಯಲ್ಲಿ ಹುಟ್ಟುವ ಹಗುರ ಗ್ಯಾಸ್‌ನಿಂದಲೇ ಮಾಡಿಕೊಳ್ಳುತ್ತಾರೆ. ಮತ್ತೆ, ಪ್ರಾತ್ಯಕ್ಷಿಕೆ ಘಟಕ ಇರುವುದು ಕಲಿಯಲು, ಡೀಸೆಲ್ ಮಾರಿ ಬದುಕಲು ಅಲ್ಲ.

ಆಮೇಲೆ ಎಲ್ಲರ ಮುಂದೆ ಒಂದು ಹಾಳೆಯಲ್ಲಿ ಲೆಕ್ಕ ಹಾಕಿದೆವು. ಓದುವವರಿಗೆ ಸ್ವಲ್ಪ ಬೇಸರವಾದರೂ ಅದನ್ನು ಪೂರ್ತಿ ಕೊಡುತ್ತೇನೆ, ಯಾಕೆಂದರೆ ತೀರ್ಮಾನ ಆದದ್ದು ಆ ಹಾಳೆಯ ಮೇಲೆ.

100 ಕೆಜಿ ಎಣ್ಣೆ ಇದೆ ಎಂದುಕೊಳ್ಳಿ. ಅದರಲ್ಲಿ 25 ಕೆಜಿ ನೀರು. ಉಳಿದ 75 ಕೆಜಿಯಲ್ಲಿ ಸುಮಾರು 42 ಕೆಜಿ ಇಂಗಾಲ, 28 ಕೆಜಿ ಆಮ್ಲಜನಕ, 5 ಕೆಜಿ ಹೈಡ್ರೋಜನ್. ಇಂಗಾಲದ ಒಂದು ಚೂರೂ ಪೋಲಾಗದೆ ಎಲ್ಲವೂ ಡೀಸೆಲ್ ಆಯಿತು ಎಂದೇ ಹಿಡಿಯೋಣ. 49 ಕೆಜಿ ಸಿಗುತ್ತದೆ, ಅಂದರೆ ಸುಮಾರು 58 ಲೀಟರ್. 28 ಕೆಜಿ ಆಮ್ಲಜನಕವನ್ನು ನೀರು ಮಾಡಲು ಮೂರೂವರೆ ಕೆಜಿ ಹೈಡ್ರೋಜನ್ ಬೇಕು. ಆ ಡೀಸೆಲ್ ಒಳಗೆ ಇರಬೇಕಾದ ಹೈಡ್ರೋಜನ್ ಸುಮಾರು 7 ಕೆಜಿ, ನಮ್ಮಲ್ಲಿರುವುದು 5, ಇನ್ನೆರಡು ಕೆಜಿ ಕೊರತೆ. ಒಟ್ಟು ಐದೂವರೆ ಕೆಜಿ. ತೋಟದಲ್ಲಿ ಹೈಡ್ರೋಜನ್ ಮಾಡುವುದಾದರೆ ನೀರನ್ನು ಕರೆಂಟಿನಿಂದ ಒಡೆಯಬೇಕು. ಕೆಜಿಗೆ 50-55 ಯೂನಿಟ್ ಬೇಕು. ಅಂದರೆ 300 ಯೂನಿಟ್ ಹತ್ತಿರ. 58 ಲೀಟರಿಗೆ ಹಂಚಿದರೆ ಲೀಟರಿಗೆ 5 ಯೂನಿಟ್. ಹೈಡ್ರೋಜನ್‌ಗೆ ಮಾತ್ರ ಇದು. ಒತ್ತಡ, ಬಿಸಿ, ಒಣಗಿಸುವುದು, ಪುಡಿ ಮಾಡುವುದು ಎಲ್ಲ ಬೇರೆ.

ಇಲ್ಲಿವರೆಗೆ ಎಲ್ಲರೂ ತಲೆಯಾಡಿಸುತ್ತಿದ್ದರು. ಕ್ಯೂರಿಂಗ್ ಮಾಲೀಕರು ಪೆನ್ನು ಇಸಿದುಕೊಂಡರು. "ಒಂದು ಲೀಟರ್ ಡೀಸೆಲ್ ಪಂಪಿಗೆ ಎಷ್ಟು ಕೆಲಸ ಕೊಡತ್ತೆ?" ಎಂದರು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಾಖ ಇದೆ. ಇಂಜಿನ್ ಅದರಲ್ಲಿ ಶೇಕಡಾ 30ರಷ್ಟನ್ನು ತಿರುಗುವ ಕೆಲಸವಾಗಿ ಮಾಡಿದರೆ 3 ಯೂನಿಟ್. ಅದೇ 5 ಯೂನಿಟ್ ಕರೆಂಟನ್ನು ನೇರವಾಗಿ ಮೋಟಾರಿಗೆ ಕೊಟ್ಟರೆ 4 ಯೂನಿಟ್ ಮೀರಿ ಕೆಲಸ ಸಿಗುತ್ತದೆ.

"ಹಾಗಾದ್ರೆ ಡೀಸೆಲ್ ಮಾಡೋಕೆ ಖರ್ಚಾಗೋ ಕರೆಂಟಲ್ಲೇ ಅದಕ್ಕಿಂತ ಜಾಸ್ತಿ ನೀರು ಎತ್ತಬಹುದಲ್ಲ!" ಎಂದರು ಅವರು. ಅಲ್ಲಿಗೆ ಅಡಮಾನದ ಮಾತು ನಿಂತಿತು.

ಇದು ಎಲ್ಲವೂ ಸರಿಯಾಗಿ ನಡೆದಾಗಿನ ಲೆಕ್ಕ ಎಂಬುದನ್ನು ಮರೆಯಬಾರದು. ವಾಸ್ತವದಲ್ಲಿ ಇಂಗಾಲದ ಒಂದು ದೊಡ್ಡ ಪಾಲು ಗ್ಯಾಸ್ ಆಗಿ, ನೀರಿನ ಪದರದಲ್ಲಿ ಕರಗಿ, ಕೆಟಲಿಸ್ಟ್ ಮೇಲೆ ಮಸಿಯಾಗಿ ಹೋಗುತ್ತದೆ. ಸ್ವಲ್ಪ ಆಮ್ಲಜನಕ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬಿದ್ದರೆ ಅಷ್ಟು ಹೈಡ್ರೋಜನ್ ಉಳಿಯುತ್ತದೆ ನಿಜ, ಆದರೆ ಜೊತೆಗೆ ಇಂಗಾಲವೂ ಹೋಗುವುದರಿಂದ ಡೀಸೆಲ್ಲೇ ಕಡಿಮೆಯಾಗುತ್ತದೆ.

ಹುಡುಗನಿಗೆ ಬೇಸರವಾಯಿತು. ಅವನ ರಸಾಯನಶಾಸ್ತ್ರದಲ್ಲಿ ತಪ್ಪಿರಲಿಲ್ಲ. ಅವನು ಕೇಳಿದ ಪ್ರಶ್ನೆ "ಇದರಿಂದ ಡೀಸೆಲ್ ಮಾಡಬಹುದೇ" ಎಂಬುದು. ಅದಕ್ಕೆ ಉತ್ತರ ಹೌದು. ಎಲ್ಲಿ, ಎಷ್ಟು ದೊಡ್ಡದಾಗಿ ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಯಾರೂ ಕೇಳಿರಲಿಲ್ಲ. ಹಣವಿದ್ದವರೂ ಇದರಲ್ಲಿ ಎಡವಿದ್ದಾರೆ. ಅಮೆರಿಕದ ಕಿಯಾರ್ ಎಂಬ ಕಂಪನಿ ಮಿಸಿಸಿಪ್ಪಿಯ ಕೊಲಂಬಸ್‌ನಲ್ಲಿ ಪೈನ್ ಮರದಿಂದ ಪೆಟ್ರೋಲ್, ಡೀಸೆಲ್ ಮಾಡುವ ಕಾರ್ಖಾನೆ ಕಟ್ಟಿತ್ತು. 2011ರಲ್ಲಿ ಷೇರು ಮಾರುಕಟ್ಟೆಗೆ ಬಂತು, ರಾಜ್ಯ ಸರ್ಕಾರ 7.5 ಕೋಟಿ ಡಾಲರ್ ಸಾಲ ಕೊಟ್ಟಿತ್ತು. 2014ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅವರ ದಾರಿ ಕೆಟಲಿಸ್ಟ್ ಮೇಲೆ ಪೈರಾಲಿಸಿಸ್, ಆಮೇಲೆ ಹೈಡ್ರೋಜನ್.

ಸಣ್ಣದು ಇಲ್ಲಿ, ದೊಡ್ಡದು ಅಲ್ಲಿ

ಪೈರಾಲಿಸಿಸ್ ಯಂತ್ರ ಚಿಕ್ಕದಿರಬಹುದು, ಹೊಟ್ಟು ಬೀಳುವ ಜಾಗದಲ್ಲೇ ಇರಬಹುದು. ಆದರೆ ಎಣ್ಣೆಯಿಂದ ಆಮ್ಲಜನಕ ಕಳೆಯುವ ಕೆಲಸ ದೊಡ್ಡದಾಗಿದ್ದರೆ ಮಾತ್ರ ಗಿಟ್ಟುತ್ತದೆ. ರಿಫೈನರಿಯಲ್ಲಿ ಹೈಡ್ರೋಜನ್ ಘಟಕ ಮೊದಲೇ ಇದೆ, ಅದನ್ನು ಹೆಚ್ಚಾಗಿ ನೈಸರ್ಗಿಕ ಅನಿಲ, ನಾಫ್ತಾದಿಂದ (ಕಚ್ಚಾ ಎಣ್ಣೆಯ ಹಗುರ ಭಾಗದಿಂದ) ಮಾಡುತ್ತಾರೆ. ಒತ್ತಡದ ಪಾತ್ರೆಗಳಿವೆ, ಕೆಟಲಿಸ್ಟ್ ಗೊತ್ತಿರುವ ಜನ ಇದ್ದಾರೆ. ಸ್ವೀಡನ್‌ನಲ್ಲಿ ಇದೇ ಮಾದರಿ ಹಿಡಿದರು. ಗ್ಯಾವ್ಲೆ ಬಳಿಯ ಗರಗಸದ ಮಿಲ್ಲಿನಲ್ಲಿ 2021ರಲ್ಲಿ ಪೈರೋಸೆಲ್ ಘಟಕ ಶುರುವಾಯಿತು. ಮರದ ಹುಡಿಯಿಂದ ಅಲ್ಲಿ ಎಣ್ಣೆ ತೆಗೆದು, ಲೀಸೆಶಿಲ್‌ನ ಪ್ರೀಮ್ ರಿಫೈನರಿಗೆ ಕಳಿಸಿದರು. ಅಲ್ಲಿ ಅದನ್ನು ಪೆಟ್ರೋಲಿಯಂ ಜೊತೆ ಸಣ್ಣ ಪಾಲಾಗಿ ಸೇರಿಸಿ, ದೊಡ್ಡ ಅಣುಗಳನ್ನು ಒಡೆದು ಇಂಧನ ಮಾಡಿದರು.

ಕೊಡಗಿಗೆ ಹತ್ತಿರದ ರಿಫೈನರಿ ಮಂಗಳೂರಿನಲ್ಲಿದೆ. ಸಂಪಾಜೆ ಘಾಟಿ ಇಳಿದರೆ ಆಯಿತು. ಗುಂಪು ಈ ದಾರಿಯನ್ನೂ ಯೋಚಿಸಿತು. ಕಷ್ಟ ಎಲ್ಲಿತ್ತೆಂದರೆ, ಆಗೊಮ್ಮೆ ಈಗೊಮ್ಮೆ ಒಂದು ಟ್ಯಾಂಕರ್ ತಂದವರಿಗಾಗಿ ಯಾವ ರಿಫೈನರಿಯೂ ಹುಳಿ ತಡೆಯುವ ಟ್ಯಾಂಕು, ಪೈಪು ಹಾಕುವುದಿಲ್ಲ. ವರ್ಷವಿಡೀ ಒಂದೇ ಗುಣದ ಎಣ್ಣೆ ಬರಬೇಕು. ಕಾಫಿ ಹೊಟ್ಟು ಬರುವುದು ವರ್ಷದ ಕೆಲವೇ ತಿಂಗಳು. ಇಟ್ಟುಕೊಂಡು ಕಳಿಸೋಣ ಎಂದರೆ ಈ ಎಣ್ಣೆ ಇಟ್ಟಷ್ಟು ದಿನವೂ ದಪ್ಪವಾಗುತ್ತಾ ಹೋಗುತ್ತದೆ. ಹೊಟ್ಟಿನ ಪೊಟ್ಯಾಷಿಯಂ ಎಣ್ಣೆಯಲ್ಲಿ ಸ್ವಲ್ಪ ಉಳಿದರೂ ರಿಫೈನರಿಯ ಕೆಟಲಿಸ್ಟಿಗೆ ವಿಷ. ಇನ್ನು ಮಳೆಗಾಲದಲ್ಲಿ ಘಾಟಿ ರಸ್ತೆಯ ಭರವಸೆ ಎಷ್ಟು ಎಂಬುದನ್ನು 2018ರ ಆಗಸ್ಟ್ ನೋಡಿದವರಿಗೆ ಹೇಳಬೇಕಿಲ್ಲ. ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿತ್ತು.

ಯಂತ್ರ ಈಗ ಏನು ಮಾಡುತ್ತಿದೆ

ಎರಡನೇ ಯಂತ್ರ ಬೇಡ ಎಂದಾದ ಮೇಲೆ ಮೊದಲ ಯಂತ್ರ ಏನಾಗಬೇಕು ಎಂಬ ಪ್ರಶ್ನೆ ಉಳಿಯಿತು. ಮಾರಲು ಹೋದರೆ ಗುಜರಿ ಬೆಲೆ. ಉತ್ತರ ಅವರ ಕಣದಲ್ಲೇ ಇತ್ತು. ಈಚಿನ ವರ್ಷಗಳಲ್ಲಿ ಕುಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದು, ಕಣದಲ್ಲಿ ಹರಡಿದ ಕಾಫಿಗೆ ಬೂಸ್ಟು ಬರುವುದು ಎಲ್ಲ ಬೆಳೆಗಾರರ ಗೋಳು. ಡ್ರೈಯರ್ ಇಟ್ಟವರಿಗೆ ಬೇಕಾದದ್ದು ಶಾಖ. ಶಾಖಕ್ಕೆ ಡೀಸೆಲ್ ಗುಣದ ಇಂಧನ ಯಾಕೆ ಬೇಕು?

ಮೊದಲು ಎಣ್ಣೆಯನ್ನು ಡ್ರೈಯರ್ ಬರ್ನರಿನಲ್ಲಿ ಉರಿಸಿ ನೋಡಿದರು. ಸ್ಟೈನ್‌ಲೆಸ್ ನಾಝಲ್ ಹಾಕಿ, ಎಣ್ಣೆಯನ್ನು ಸ್ವಲ್ಪ ಬಿಸಿ ಮಾಡಿ ತೆಳುವಾಗಿಸಿ, ಡೀಸೆಲ್‌ನಿಂದ ಬೆಂಕಿ ಹಚ್ಚಿ ಆಮೇಲೆ ಎಣ್ಣೆಗೆ ಬದಲಾಯಿಸಿದರೆ ಉರಿಯುತ್ತದೆ. ಆದರೆ ಮಾಡಿದ ಜಾಗದಲ್ಲೇ ಉರಿಸುವುದಾದರೆ ಆವಿಯನ್ನು ತಣಿಸಿ ಎಣ್ಣೆ ಮಾಡುವುದೇ ದಂಡ. ಈಗ ಆವಿ ತಣಿಸುವ ಕಂಡೆನ್ಸರ್ ಬಿಚ್ಚಿಟ್ಟಿದ್ದಾರೆ. ಯಂತ್ರವನ್ನು ನಿಧಾನ ಬಿಸಿಯಲ್ಲಿ ಓಡಿಸುತ್ತಾರೆ. ಆವಿ, ಗ್ಯಾಸ್ ಎರಡೂ ನೇರ ಕುಲುಮೆಗೆ ಹೋಗಿ, ಅಲ್ಲಿಂದ ಬಿಸಿ ಗಾಳಿ ಡ್ರೈಯರಿಗೆ ಹೋಗುತ್ತದೆ. ಹೊಗೆ ಕಾಫಿಗೆ ತಾಗದಂತೆ ನಡುವೆ ಹೀಟ್ ಎಕ್ಸ್‌ಚೇಂಜರ್ (ಹೊಗೆ ಬೆರೆಯದಂತೆ ಶಾಖ ಮಾತ್ರ ದಾಟಿಸುವ ಸಾಧನ) ಹಾಕಿದ್ದಾರೆ. ಇಲ್ಲದಿದ್ದರೆ ಕಪ್ ಟೇಸ್ಟಿಂಗ್‌ನಲ್ಲಿ ಹೊಗೆ ವಾಸನೆ ಎಂದು ಲಾಟೇ ವಾಪಸ್ ಬರುತ್ತದೆ. ಇದ್ದಿಲನ್ನು ಕಾಂಪೋಸ್ಟಿಗೆ ಸೇರಿಸಿ ತೋಟಕ್ಕೆ ಹಾಕುತ್ತಾರೆ. ಹೊಟ್ಟಿನ ಪೊಟ್ಯಾಷಿಯಂ ಬಹುಪಾಲು ಅದರಲ್ಲೇ ಉಳಿಯುತ್ತದೆ.

ಹಿರಿಯ ಬೆಳೆಗಾರರ ಮೊದಲ ದಿನದ ಮಾತು ನಿಜವಾಯಿತು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೊಟ್ಟನ್ನು ಸುಮ್ನೆ ಒಲೆಗೆ ಹಾಕಿದರೆ ಪೊಟ್ಯಾಷಿಯಂ ಬೂದಿ ಕರಗಿ ಕುಲುಮೆಯ ಒಳಗೆ ಗಾಜಿನಂತೆ ಕಟ್ಟಿಕೊಳ್ಳುತ್ತದೆ, ಇದ್ದಿಲೂ ಸಿಗುವುದಿಲ್ಲ. ಯಂತ್ರದ ದುಡ್ಡು ಪೂರ್ತಿ ವಾಪಸ್ ಬಂದಿಲ್ಲ. ಪೂರ್ತಿ ನೀರುಪಾಲೂ ಆಗಿಲ್ಲ.

ಪಂಪಿನ ವಿಷಯಕ್ಕೆ ಬಂದರೆ, ಮೂರು ಫೇಸ್ ಲೈನ್ ಹತ್ತಿರವಿದ್ದ ತೋಟಗಳು ಮೋಟಾರಿಗೆ ಬದಲಾದವು. ಲೈನ್ ದೂರವಿದ್ದವರು ಇನ್ನೂ ಡೀಸೆಲ್ಲೇ ಸುಡುತ್ತಿದ್ದಾರೆ.

ಶೆಡ್ಡಿನಲ್ಲಿ ಉಳಿದ ಹಳೆಯ ಎಣ್ಣೆ ಡ್ರಮ್‌ಗಳು ಇನ್ನೊಂದು ತಲೆನೋವು. ಅದನ್ನು ಚರಂಡಿಗೆ ಬಿಡುವಂತಿಲ್ಲ. ಆಮ್ಲ, ಫೀನಾಲ್ ಸೇರಿದ ನೀರು ತೋಡಿಗಿಳಿದರೆ ಮೀನು ಉಳಿಯುವುದಿಲ್ಲ, ಇಲ್ಲಿನ ತೋಡುಗಳೆಲ್ಲ ಕೊನೆಗೆ ಸೇರುವುದು ಹೊಳೆಗೇ. ಹೊಸ ಎಣ್ಣೆಗೆ ಶೇಕಡಾ 10ರಷ್ಟು ಮೆಥನಾಲ್ ಸೇರಿಸಿದರೆ ಗಟ್ಟಿಯಾಗುವುದು ನಿಧಾನವಾಗುತ್ತದೆ. ಇವರಿಗೆ ಆ ವಿಷಯ ತಿಳಿಯುವ ಹೊತ್ತಿಗೆ ಕೆಲವು ಡ್ರಮ್ ಆಗಲೇ ಗಟ್ಟಿಯಾಗಿದ್ದವು. ಅವನ್ನು ಹೊಟ್ಟಿನ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸಿ ಕುಲುಮೆಗೆ ಹಾಕಿ ಮುಗಿಸುತ್ತಿದ್ದಾರೆ.

ಹುಡುಗ ಕೈಬಿಟ್ಟಿಲ್ಲ. ಹಾಸನ, ಚಿಕ್ಕಮಗಳೂರು, ಕೊಡಗಿನ ಕ್ಯೂರಿಂಗ್ ವರ್ಕ್ಸ್‌ಗಳೆಲ್ಲ ಸೇರಿ ಎಣ್ಣೆ ಒಟ್ಟುಗೂಡಿಸಿದರೆ ರಿಫೈನರಿಯ ಜೊತೆ ಮಾತಾಡುವಷ್ಟು ಪ್ರಮಾಣ ಆಗುತ್ತದೆಯೇ ಎಂದು ಲೆಕ್ಕ ಹಾಕುತ್ತಿದ್ದಾನೆ. ಚಿಕ್ಕಪ್ಪ ಅವನಿಗೆ ಹಾಕಿರುವ ಷರತ್ತು ಒಂದೇ: ಎಷ್ಟು ನೀರು, ಎಷ್ಟು ಆಮ್ಲ, ಎಷ್ಟು ಪೊಟ್ಯಾಷಿಯಂ ಇದ್ದರೆ ತೆಗೆದುಕೊಳ್ಳುತ್ತೇವೆ, ಶಾಖದ ಲೆಕ್ಕದಲ್ಲಿ ಯೂನಿಟ್ಟಿಗೆ ಎಷ್ಟು ಕೊಡುತ್ತೇವೆ ಎಂದು ಕೊಳ್ಳುವವರು ಬರೆದು ಕೊಡಬೇಕು. ಅಲ್ಲಿವರೆಗೆ ಕಂಡೆನ್ಸರ್ ಶೆಡ್ಡಿನಲ್ಲೇ ಇರಲಿ ಎಂದಿದ್ದಾರೆ.